ಖಾಲಿ ಹಾಳೆಗೊಂದು ಪ್ರಶ್ನೆ

ಹೊಸ ವರ್ಷದ ಮೊದಲ ವಾರದಲ್ಲಿ ಮನೆಗೆ ಬರುವ ಅತಿಥಿಗಳಲ್ಲಿ ಡೈರಿಯೂ ಒಂದು. ಬ್ಯಾಂಕಿನವರು ಕೊಟ್ಟದ್ದೋ, ವಿಮಾ ಏಜೆಂಟರು ತಂದದ್ದೋ, ಅಂಗಡಿಯಿಂದ ಆಸೆಪಟ್ಟು ಕೊಂಡದ್ದೋ ಇರಬಹುದು. ಮೊದಲ ಪುಟದ ನೆತ್ತಿಯ ಮೇಲೆ ‘ಶ್ರೀ’ ಎಂದು ಬರೆದು, ‘ಈ ವರ್ಷ ತಪ್ಪದೆ ದಿನಚರಿ ಬರೆಯಬೇಕು’ ಎಂಬ ಸಂಕಲ್ಪದೊಂದಿಗೆ ಕೆಲಸ ಶುರುವಾಗುತ್ತದೆ. ನಾಲ್ಕು ದಿನ ಬರವಣಿಗೆ ಸಲೀಸಾಗಿ ಸಾಗುತ್ತದೆ. ಐದನೆಯ ದಿನ ‘ಇಂದು ವಿಶೇಷವೇನೂ ಇಲ್ಲ’ ಎಂಬ ಒಂದು ಸಾಲು. ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಹಾಳೆಗಳು ಖಾಲಿ. ಯುಗಾದಿಯ ವೇಳೆಗೆ ಅದೇ ಡೈರಿ ಅಡುಗೆಮನೆ ಸೇರಿ ಹಾಲಿನ ಲೆಕ್ಕದ ಪುಸ್ತಕವಾಗಿರುತ್ತದೆ.

ಸೋಜಿಗವೆಂದರೆ, ಆ ಹಾಲಿನ ಲೆಕ್ಕ ಮಾತ್ರ ಡಿಸೆಂಬರ್ 31ರವರೆಗೂ ಒಂದು ದಿನವೂ ತಪ್ಪುವುದಿಲ್ಲ! ದಿನಚರಿ ಬರೆಯಲು ಪುರುಸೊತ್ತಿಲ್ಲದ ಅದೇ ಮನೆಯಲ್ಲಿ, ಅದೇ ಪುಸ್ತಕದಲ್ಲಿ, ಅದೇ ಕೈ ಪ್ರತಿದಿನ ಬರೆಯುತ್ತಲೇ ಇರುತ್ತದೆ. ಇದು ಹೇಗೆ ಸಾಧ್ಯ? ಕಾರಣ ಬಹಳ ಸರಳ. ಹಾಲಿನ ಲೆಕ್ಕಕ್ಕೆ ಒಂದು ಪ್ರಶ್ನೆ ಇದೆ: ಇವತ್ತು ಎಷ್ಟು ಲೀಟರ್? ದಿನಚರಿಯ ಖಾಲಿ ಹಾಳೆಗೆ ಅಂಥ ಪ್ರಶ್ನೆಯಿಲ್ಲ. ‘ಏನಾದರೂ ಬರೆ’ ಎಂದಷ್ಟೇ ಅದು ಹೇಳುತ್ತದೆ. ಏನಾದರೂ ಬರೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ.

ಈ ಸಣ್ಣ ಸತ್ಯವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದ ದೇಶವೊಂದಿದೆ. ಅದು ಇಂಗ್ಲೆಂಡ್. ಅಲ್ಲಿ 1937ರಲ್ಲಿ ಮೂವರು ಯುವಕರು ಸಾಮಾನ್ಯ ಜನರಿಗೆ ಪ್ರಶ್ನೆಗಳನ್ನು ಕಳಿಸತೊಡಗಿದರು. ಬರವಣಿಗೆಯ ಗಂಧಗಾಳಿಯಿಲ್ಲದ ಗುಮಾಸ್ತರು, ಗೃಹಿಣಿಯರು, ಅಂಗಡಿಯವರು, ಶಾಲಾ ಶಿಕ್ಷಕರು ಉತ್ತರ ಬರೆಯಲು ಕೂತರು. ಅವರಲ್ಲಿ ಕೆಲವರು ಮತ್ತೆ ಪೆನ್ನು ಕೆಳಗಿಡಲೇ ಇಲ್ಲ.

ಹುಬ್ಬು, ಗಡ್ಡ ಮತ್ತು ಅಂತ್ಯಕ್ರಿಯೆ

1936ರ ಡಿಸೆಂಬರಿನಲ್ಲಿ ಬ್ರಿಟನ್ನಿನ ದೊರೆ ಎಂಟನೆಯ ಎಡ್ವರ್ಡ್ ಪ್ರೇಮಕ್ಕಾಗಿ ಸಿಂಹಾಸನ ಬಿಟ್ಟ. ‘ದೇಶದ ಜನ ಹೀಗೆ ಭಾವಿಸುತ್ತಾರೆ’ ಎಂದು ಪತ್ರಿಕೆಗಳೂ ಮಂತ್ರಿಗಳೂ ಹೇಳಿದ್ದೇ ಹೇಳಿದ್ದು. ಆದರೆ ಜನರನ್ನು ಯಾರಾದರೂ ಕೇಳಿದ್ದರೇ? ಈ ಅನುಮಾನದಿಂದ ಹುಟ್ಟಿದ್ದು ‘ಮಾಸ್ ಅಬ್ಸರ್ವೇಷನ್’ ಎಂಬ ಸಂಸ್ಥೆ. ಕನ್ನಡದಲ್ಲಿ ‘ಜನಾವಲೋಕನ’ ಎನ್ನಬಹುದು. ಇದನ್ನು ಕಟ್ಟಿದವರು ಕವಿ ಹಾಗೂ ಪತ್ರಕರ್ತ ಚಾರ್ಲ್ಸ್ ಮ್ಯಾಜ್, ಚಲನಚಿತ್ರ ನಿರ್ದೇಶಕ ಹಂಫ್ರಿ ಜೆನ್ನಿಂಗ್ಸ್ ಮತ್ತು ಪಕ್ಷಿವೀಕ್ಷಕ ಟಾಮ್ ಹ್ಯಾರಿಸನ್.

ಹ್ಯಾರಿಸನ್ ಪೆಸಿಫಿಕ್ ಸಾಗರದ ನ್ಯೂ ಹೆಬ್ರಿಡೀಸ್ ದ್ವೀಪಗಳಲ್ಲಿ ಅಲ್ಲಿನ ಬುಡಕಟ್ಟು ಜನರ ನಡುವೆ ಇದ್ದು ಬಂದಿದ್ದವ. ದೂರದ ದ್ವೀಪದವರ ಊಟ, ಉಡುಗೆ, ನಂಬಿಕೆಗಳನ್ನು ಬರೆದಿಡಬಹುದಾದರೆ ನಮ್ಮ ಊರಿನವರದನ್ನೇಕೆ ಬರೆದಿಡಬಾರದು ಎಂಬುದು ಅವನ ವಾದ. 1937ರ ಜನವರಿ 30ರಂದು ‘ನ್ಯೂ ಸ್ಟೇಟ್ಸ್‌ಮನ್’ ಪತ್ರಿಕೆಯಲ್ಲಿ ಮೂವರೂ ಸೇರಿ ಒಂದು ಪತ್ರ ಪ್ರಕಟಿಸಿದರು. ತಾವು ತಿಳಿಯಬಯಸುವ ವಿಷಯಗಳ ಪಟ್ಟಿಯನ್ನೂ ಅದರಲ್ಲಿ ಕೊಟ್ಟರು. ಯುದ್ಧಸ್ಮಾರಕದ ಮುಂದೆ ನಿಂತವರ ವರ್ತನೆ, ಕಾರು ಓಡಿಸುವವರ ಬೈಗುಳ ಮತ್ತು ಕೈಸನ್ನೆ, ಗಡ್ಡ, ಕಂಕುಳು, ಹುಬ್ಬು, ಅಂತ್ಯಕ್ರಿಯೆ ಎಲ್ಲವೂ ಆ ಪಟ್ಟಿಯಲ್ಲಿದ್ದವು. ನಕ್ಕವರೇ ಹೆಚ್ಚು. ಆದರೆ ‘ನಾವೂ ಬರೆಯುತ್ತೇವೆ’ ಎಂದು ಮುಂದೆ ಬಂದವರಿಗೂ ಕೊರತೆಯಾಗಲಿಲ್ಲ.

ಮೊದಲ ಕೆಲಸ ತೀರಾ ಸರಳವಾಗಿತ್ತು. ಫೆಬ್ರುವರಿಯಿಂದ ಆರಂಭಿಸಿ ಪ್ರತಿ ತಿಂಗಳ 12ನೆಯ ತಾರೀಖು, ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನಡೆದದ್ದನ್ನೆಲ್ಲ ಬರೆದು ಕಳಿಸಬೇಕು, ಅಷ್ಟೆ. ಮೇ 12ರಂದು ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ. ಅಂದಿನ ಪತ್ರಿಕೆಗಳಲ್ಲಿ ಮೆರವಣಿಗೆಯ ವರ್ಣನೆಯಿದ್ದರೆ, ಈ ಬರಹಗಾರರ ಹಾಳೆಗಳಲ್ಲಿ ಸಾಮಾನ್ಯ ಮನುಷ್ಯನ ಆ ದಿನ ಇತ್ತು. ಅದೇ ವರ್ಷ ಅವು ಪುಸ್ತಕವಾಗಿ ಬಂದವು.

ಮುಂದೆ ಬಂದದ್ದು ಪ್ರಶ್ನೆಗಳ ಸರದಿ. ಈ ಪ್ರಶ್ನಾಪತ್ರಗಳಿಗೆ ಸಂಸ್ಥೆಯವರು ಇಟ್ಟ ಹೆಸರು ‘ಡೈರೆಕ್ಟಿವ್’. ಹಾಗೆಂದರೆ ನಿರ್ದೇಶನ. 1937ರಲ್ಲಿ ಕೇಳಿದ ಒಂದು ಪ್ರಶ್ನೆ ಇಂದಿಗೂ ಪ್ರಸಿದ್ಧ. ಇಂಗ್ಲಿಷ್ ಮನೆಗಳ ಹಜಾರದಲ್ಲಿ ಚಳಿ ಕಾಯಿಸುವ ಅಗ್ಗಿಷ್ಟಿಕೆಯ ಮೇಲೆ ಒಂದು ಹಲಗೆ ಇರುತ್ತದೆ. ಆ ಹಲಗೆಯ ಮೇಲೆ ಏನೇನು ಇಟ್ಟಿದ್ದೀರಿ, ಅವನ್ನು ಕ್ರಮವಾಗಿ ಬರೆಯಿರಿ ಎಂಬುದೇ ಪ್ರಶ್ನೆ. ಗಡಿಯಾರ, ಫೋಟೋ, ಕಟ್ಟದೆ ಉಳಿದ ಬಿಲ್ಲು, ಯಾರೋ ಪ್ರವಾಸದಿಂದ ತಂದ ಬೊಂಬೆ ಎಂದು ಪಟ್ಟಿ ಬೆಳೆಯುತ್ತದೆ. ಪಟ್ಟಿ ಬರೆಯುವಾಗ ಆ ಫೋಟೋ ಯಾರದು, ಬಿಲ್ಲು ಯಾಕೆ ಉಳಿಯಿತು, ಬೊಂಬೆ ಕೊಟ್ಟವರು ಈಗೆಲ್ಲಿದ್ದಾರೆ ಎಂಬುದೂ ಬಾರದೆ ಇರುವುದಿಲ್ಲ. ‘ನಿಮ್ಮ ಬಾಳಿನ ಬಗ್ಗೆ ಬರೆಯಿರಿ’ ಎಂದರೆ ತಡವರಿಸುವ ಮನುಷ್ಯ, ‘ನಿಮ್ಮ ಹಲಗೆಯ ಮೇಲೇನಿದೆ’ ಎಂದರೆ ನಾಲ್ಕು ಪುಟ ಬರೆಯಬಲ್ಲ. ಆ ನಾಲ್ಕು ಪುಟದಲ್ಲಿ ಬಾಳೇ ಇರುತ್ತದೆ.

ಗೃಹಿಣಿ, ವಯಸ್ಸು 49

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದಕ್ಕೆ ಕೆಲವೇ ದಿನ ಮೊದಲು ಸಂಸ್ಥೆ ತನ್ನ ಬರಹಗಾರರಿಗೆ ದಿನವೂ ಡೈರಿ ಬರೆದು ಕಳಿಸುವಂತೆ ಕೋರಿತ್ತು. ಯುದ್ಧದ ವರ್ಷಗಳಲ್ಲಿ ಹೀಗೆ ಬರೆದವರು ಐನೂರಕ್ಕೆ ಹತ್ತಿರ. ಅವರಲ್ಲೊಬ್ಬಳು ನೆಲ್ಲಾ ಲಾಸ್ಟ್.

ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ, ಹಡಗು ಕಟ್ಟುವ ಬ್ಯಾರೋ-ಇನ್-ಫರ್ನೆಸ್ ಎಂಬ ಊರು ಆಕೆಯದು. ಗಂಡ ವಿಲ್ ಮರಗೆಲಸದವನು. ಇಬ್ಬರು ಮಕ್ಕಳು, ಆರ್ಥರ್ ಮತ್ತು ಕ್ಲಿಫ್. ಯುದ್ಧಕ್ಕೆ ಮುಂಚೆಯೇ ಆಕೆ ಮಾನಸಿಕವಾಗಿ ತೀರ ಕುಸಿದು ಚೇತರಿಸಿಕೊಂಡಿದ್ದಳು. ಗಂಡನಿಗೆ ನಾಲ್ಕು ಜನರ ಸಂಗ ಒಗ್ಗದು, ಹೆಂಡತಿ ಹೊರಗೆ ಹೋಗುವುದೂ ಸೇರದು. ಸಂಸ್ಥೆಗೆ ಬರೆಯುವಾಗ ಆಕೆ ತನ್ನ ಪರಿಚಯವನ್ನು ಕೊಟ್ಟುಕೊಂಡದ್ದು ‘ಗೃಹಿಣಿ, ವಯಸ್ಸು 49’ ಎಂಬ ಎರಡೇ ಮಾತಿನಲ್ಲಿ. ಸಂಸ್ಥೆಯ ಕಡತದಲ್ಲಿ ಆಕೆ 5353ನೆಯ ಸಂಖ್ಯೆಯ ಬರಹಗಾರ್ತಿ.

ಬರೆದದ್ದೇನು? ರೇಷನ್ ಮಾಂಸದಲ್ಲಿ ಮಾಡಿದ ಅಡುಗೆ, ಹಳೆಯ ಬಟ್ಟೆಯಿಂದ ಆಸ್ಪತ್ರೆಯ ಮಕ್ಕಳಿಗೆ ಹೊಲಿದ ಬೊಂಬೆ, ಸೇನೆಗೆ ಹೊರಟ ಮಗ, 1941ರ ಮೇ ತಿಂಗಳಲ್ಲಿ ಬಾಂಬು ಬಿದ್ದು ಬಿರುಕು ಬಿಟ್ಟ ಮನೆ. ಮಹಿಳಾ ಸ್ವಯಂಸೇವಾ ಸಂಘ, ಸೈನಿಕರ ಕ್ಯಾಂಟೀನು, ರೆಡ್‌ಕ್ರಾಸ್ ಅಂಗಡಿ ಎಂದು ಆಕೆಯ ಹೊರಗಿನ ಓಡಾಟ ಬೆಳೆಯಿತು. ಜೊತೆಜೊತೆಗೇ ಬರವಣಿಗೆಯ ದನಿಯೂ ಬದಲಾಯಿತು. 1943ರ ಆಗಸ್ಟಿನ ಒಂದು ದಿನ, ಇಷ್ಟೊಂದು ಹೆಂಗಸರು ಈಚೆಗೆ ಪ್ಯಾಂಟು ತೊಡುತ್ತಿರುವುದೇಕೆ ಎಂದು ಆಕೆ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಅದು ತಮ್ಮ ಸ್ವಾತಂತ್ರ್ಯವನ್ನು ಸಾರುವ ರೀತಿಯಿರಬೇಕು ಎಂಬ ಉತ್ತರ ಹೊಳೆಯುತ್ತದೆ. ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಗಂಡನ ಮುಖ ನೋಡಿ, ಅವನ ಸಿಟ್ಟಿಗೆ ತಗ್ಗಿ ಬಗ್ಗಿ ನಡೆದ ವರ್ಷಗಳ ಕಡೆಗೆ ಬರವಣಿಗೆ ತಿರುಗುತ್ತದೆ. ಇನ್ನು ಹಾಗಿರಲಾರೆ ಎಂಬ ಅರಿವು ಕಾಗದದ ಮೇಲೆ ಮೂಡುತ್ತದೆ.

ಗಮನಿಸಬೇಕಾದ ಸಂಗತಿ ಇದು. ‘ನಿನ್ನ ದಾಂಪತ್ಯ ಸುಖವಾಗಿದೆಯೇ?’ ಎಂದು ಯಾರಾದರೂ ನೇರವಾಗಿ ಕೇಳಿದ್ದರೆ ಆಕೆ ಬಹುಶಃ ‘ಚೆನ್ನಾಗಿದೆ’ ಎಂದು ಬರೆದು ಮುಗಿಸುತ್ತಿದ್ದಳು. ಪ್ಯಾಂಟಿನ ದಾರಿಯಲ್ಲಿ ಬಂದ ಪ್ರಶ್ನೆಗೆ ಬಾಗಿಲು ತೆರೆಯಿತು.

ಯುದ್ಧ ಮುಗಿದರೂ ಆಕೆ ಬರೆಯುವುದನ್ನು ನಿಲ್ಲಿಸಲಿಲ್ಲ. 1966ರ ಫೆಬ್ರುವರಿಯವರೆಗೆ, ಎಂದರೆ 26 ವರ್ಷಕ್ಕೂ ಹೆಚ್ಚು ಕಾಲ, ಬರೆದಳು. ಒಟ್ಟು ಒಂದು ಕೋಟಿ ಪದಗಳಿಗೆ ಕಡಿಮೆಯಿಲ್ಲ ಎಂಬ ಅಂದಾಜಿದೆ. ಒಂದು ಸಾಲೂ ಅಚ್ಚಾಗುವುದನ್ನು ನೋಡದೆ 1968ರಲ್ಲಿ ತೀರಿಕೊಂಡಳು. ಯುದ್ಧಕಾಲದ ಭಾಗ 1981ರಲ್ಲಿ ಪುಸ್ತಕವಾಯಿತು. 2006ರಲ್ಲಿ ಬ್ರಿಟಿಷ್ ಟೆಲಿವಿಷನ್ ಆ ಕಥೆಯನ್ನು ಚಿತ್ರ ಮಾಡಿತು. ಅದರ ಹೆಸರು ‘ಗೃಹಿಣಿ, 49’.

ಗುಜರಾತಿನಿಂದ ಬಂದ ಪಾಠ

ಯುದ್ಧಾನಂತರ ಸಂಸ್ಥೆ ಸೊರಗಿತು. ಯುದ್ಧಕಾಲದಲ್ಲಿ ಜನರ ಮನೋಬಲದ ವರದಿಗಳನ್ನು ಸರ್ಕಾರಕ್ಕೆ ಒದಗಿಸುವ ವಿಚಾರದಲ್ಲಿ ಸ್ಥಾಪಕರಲ್ಲೇ ಭಿನ್ನಮತ ಬಂದು, 1940ರಲ್ಲಿ ಮ್ಯಾಜ್ ಹೊರನಡೆದಿದ್ದ. 1949ರಲ್ಲಿ ಸಂಸ್ಥೆ ಮಾರುಕಟ್ಟೆ ಸಮೀಕ್ಷೆಯ ಕಂಪನಿಯಾಯಿತು. ಸಾವಿರಾರು ಜನರ ಕೈಬರಹ ಮೂಲೆ ಸೇರಿತು. 1970ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯ ಆ ಕಾಗದಗಳಿಗೆ ಜಾಗ ಕೊಟ್ಟಿತು. 1981ರಲ್ಲಿ ಅಲ್ಲಿನ ಪ್ರಾಧ್ಯಾಪಕ ಡೇವಿಡ್ ಪೊಕಾಕ್ ಪ್ರಶ್ನೆ ಕಳಿಸುವ ಪದ್ಧತಿಗೆ ಮರುಜೀವ ಕೊಟ್ಟರು.

ಪೊಕಾಕ್ ಹೆಸರು ಭಾರತದ ಸಮಾಜಶಾಸ್ತ್ರ ಓದಿದವರಿಗೆ ಹೊಸದಲ್ಲ. ಗುಜರಾತಿನ ಪಾಟೀದಾರ್ ಸಮುದಾಯದ ಹಳ್ಳಿಗಳಲ್ಲಿ ಕುಳಿತು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಅವರು. ಅಲ್ಲಿ ಕೇಳಿ ಕಲಿತ ಕಸುಬನ್ನು ಕೊನೆಗೆ ತಮ್ಮ ದೇಶದವರ ಮೇಲೇ ಪ್ರಯೋಗಿಸಿದರು.

ತನ್ನವರನ್ನೇ ತಾನು ನೋಡುವ ಈ ದೃಷ್ಟಿಗೆ ಕನ್ನಡ ನಾಡಿನಲ್ಲೂ ದೊಡ್ಡ ನಿದರ್ಶನವಿದೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ, ಕಂಡದ್ದು ಕೇಳಿದ್ದನ್ನೆಲ್ಲ ಬರೆದಿಟ್ಟರು. ಆ ಹಳ್ಳಿಯನ್ನು ಅವರು ‘ರಾಂಪುರ’ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ವರ್ಷಗಟ್ಟಲೆ ಸಿದ್ಧಪಡಿಸಿದ ಟಿಪ್ಪಣಿಗಳು ಆಹುತಿಯಾದವು. ಆಗ ಮುಖ್ಯವಾಗಿ ನೆನಪಿನ ಬಲದಿಂದಲೇ ಬರೆದು 1976ರಲ್ಲಿ ಪ್ರಕಟಿಸಿದ ಪುಸ್ತಕ, ‘ನೆನಪಿನ ಹಳ್ಳಿ’ ಎಂಬರ್ಥದ ಹೆಸರಿನಿಂದ, ಜಗತ್ಪ್ರಸಿದ್ಧವಾಯಿತು. ದಿನವೂ ಬರೆದಿಡುವ ಅಭ್ಯಾಸದಿಂದ ಕಾಗದವಷ್ಟೇ ತುಂಬುವುದಿಲ್ಲ, ನೋಡುವ ಕಣ್ಣೂ ಹದಗೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪೊಕಾಕ್ ಆರಂಭಿಸಿದ ಕೆಲಸ ಇಂದಿಗೂ ನಡೆದಿದೆ. ವರ್ಷಕ್ಕೆ ಮೂರು ಬಾರಿ ಪ್ರಶ್ನಾಪತ್ರ ಹೊರಡುತ್ತದೆ. ಹಬ್ಬ, ಹಣ, ನೆರೆಹೊರೆ, ಕಾಯಿಲೆ, ಮುಪ್ಪು, ಸಾವು ಹೀಗೆ ವಿಷಯಕ್ಕೆ ಮಿತಿಯಿಲ್ಲ. 1983ರಲ್ಲಿ ಹಲಗೆಯ ಮೇಲಿನ ವಸ್ತುಗಳ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳಲಾಯಿತು. ಬರೆಯುವವರಿಗೆ ಸಂಭಾವನೆಯಿಲ್ಲ, ಹೆಸರೂ ಇಲ್ಲ. ಕಡತದಲ್ಲಿರುವುದು ಒಂದು ಸಂಖ್ಯೆ ಮಾತ್ರ. ಹಾಗಿದ್ದೂ ದಶಕಗಳ ಕಾಲ ಬಿಡದೆ ಬರೆದವರಿದ್ದಾರೆ. ಕೋವಿಡ್ ಕಾಲದ 2020ರ ಮೇ 12ರಂದು ಒಂದು ದಿನದ ಡೈರಿ ಕಳಿಸಿ ಎಂದಾಗ ಸಾವಿರಾರು ಜನ ಸ್ಪಂದಿಸಿದರು.

ಕೇಳುವವರು ಯಾರು?

ಹಾಗೆ ನೋಡಿದರೆ, ದಿನದ ಕೊನೆಗೆ ತನ್ನನ್ನೇ ಪ್ರಶ್ನಿಸಿಕೊಳ್ಳುವುದು ಬಹಳ ಹಳೆಯ ರೂಢಿ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ದಾರ್ಶನಿಕ ಸೆನೆಕಾ, ರಾತ್ರಿ ದೀಪ ಆರಿಸಿ ಹೆಂಡತಿ ಮಾತು ನಿಲ್ಲಿಸಿದ ಮೇಲೆ ಆ ದಿನದ ತನ್ನ ನಡೆನುಡಿಯನ್ನೆಲ್ಲ ತಾನೇ ವಿಚಾರಣೆ ಮಾಡಿಕೊಳ್ಳುತ್ತಿದ್ದುದಾಗಿ ಬರೆದಿದ್ದಾನೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ದಿನಕ್ಕೆ ಎರಡು ಪ್ರಶ್ನೆಗಳ ಬೇಲಿ ಹಾಕಿಕೊಂಡಿದ್ದ. ಇಂದು ಯಾವ ಒಳ್ಳೆಯ ಕೆಲಸ ಮಾಡಲಿ ಎಂಬುದು ಬೆಳಗಿನದು. ಯಾವ ಒಳ್ಳೆಯ ಕೆಲಸ ಮಾಡಿದೆ ಎಂಬುದು ಸಂಜೆಯದು. ಕನ್ನಡದ 12ನೆಯ ಶತಮಾನದ ವಚನಕಾರರಲ್ಲೂ ತನ್ನೊಳಗನ್ನು ತಾನೇ ಶೋಧಿಸಿ ನೋಡುವ ದನಿಯಿದೆ. ಆ ಮಾತನ್ನು ಕೇಳುವುದಕ್ಕೆ ಅಂಕಿತದ ದೈವವೊಂದು ಎದುರಿಗಿದೆ.

ಇಲ್ಲಿಯೇ ಒಂದು ಮುಖ್ಯ ವ್ಯತ್ಯಾಸ ಅಡಗಿದೆ. ಉತ್ತರವನ್ನು ಓದುವವರು ಯಾರು ಎಂಬುದರ ಮೇಲೆ ಉತ್ತರದ ಸ್ವರೂಪ ನಿಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಗೆಳತಿಯರು ಆಲ್ಬಮ್ ಹಿಡಿದು ‘ನಿಮಗೆ ಪ್ರಿಯವಾದ ಗುಣ ಯಾವುದು, ಬಣ್ಣ ಯಾವುದು, ಹೂವು ಯಾವುದು’ ಎಂದು ಬರೆಸಿಕೊಳ್ಳುವ ಆಟವಿತ್ತು. ಮುಂದೆ ಮಹಾ ಕಾದಂಬರಿಕಾರನಾದ ಫ್ರಾನ್ಸಿನ ಮಾರ್ಸೆಲ್ ಪ್ರೂಸ್ಟ್ ಹದಿಹರೆಯದಲ್ಲಿ ಇಂಥ ಆಲ್ಬಮ್ಮಿನಲ್ಲಿ ಬರೆದ ಉತ್ತರಗಳಿಂದ ಆ ಪ್ರಶ್ನಾವಳಿಗೆ ಅವನ ಹೆಸರೇ ಅಂಟಿಕೊಂಡಿತು. ನಮ್ಮ ಶಾಲೆ ಕಾಲೇಜುಗಳ ಕೊನೆಯ ದಿನ ಕೈಯಿಂದ ಕೈಗೆ ಹೋಗುವ ಆಟೋಗ್ರಾಫ್ ಪುಸ್ತಕ, ಸ್ಲ್ಯಾಮ್ ಬುಕ್ಕುಗಳೂ ಇದೇ ಬಳ್ಳಿಯ ಕಾಯಿಗಳು. ಅಲ್ಲಿ ಬರೆಯುವವನಿಗೆ ಇಡೀ ತರಗತಿ ಓದುತ್ತದೆಂದು ಗೊತ್ತು. ಆದ್ದರಿಂದ ಚೆಂದ ಕಾಣುವ ಉತ್ತರ ಬರುತ್ತದೆ. ಅದು ನಿಜವೇ ಆಗಿರಬೇಕೆಂದಿಲ್ಲ.

ಪೂರ್ತಿ ಗುಟ್ಟಿನ ಡೈರಿಗೆ ಇನ್ನೊಂದು ತೊಡಕು. ಓದುವವರೇ ಇಲ್ಲದ ಮೇಲೆ ಬರೆಯುವುದೇಕೆ ಎಂಬ ಆಲಸ್ಯ. ನೆಲ್ಲಾ ಲಾಸ್ಟ್‌ಗೆ ಸಿಕ್ಕಿದ್ದು ಇವೆರಡರ ನಡುವಿನ ಜಾಗ. ತನ್ನ ಕಾಗದಕ್ಕೆ ಕಾಯುವವರು ಎಲ್ಲೋ ಇದ್ದಾರೆ. ಆದರೆ ಅವರು ಓರಗಿತ್ತಿಯಲ್ಲ, ನೆರೆಯವರಲ್ಲ, ಗಂಡನಲ್ಲ.

ಲಾಭವೆಷ್ಟು, ಅಪಾಯವೇನು?

ಬರೆದರೆ ಮನಸ್ಸು ಹಗುರಾಗುತ್ತದೆ ಎಂಬ ಮಾತು ರೂಢಿಯಲ್ಲಿದೆ. ಇದನ್ನು ಅಳೆದು ನೋಡಲು ಹೊರಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರು. 1986ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿದ್ದವರು 46 ವಿದ್ಯಾರ್ಥಿಗಳು. ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಬೇಕು. ಕೆಲವರು ಮಾಮೂಲು ವಿಷಯ ಬರೆದರು. ಉಳಿದವರು ಜೀವನದ ದೊಡ್ಡ ನೋವನ್ನು ಬರೆದರು. ಆ ನೋವಿನ ಘಟನೆಯನ್ನೂ ಅದರೊಂದಿಗಿನ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು, ರಕ್ತದೊತ್ತಡ ಏರಿತ್ತು. ಮುಂದೆ ಇಂಥ 146 ಅಧ್ಯಯನಗಳನ್ನು ಒಟ್ಟಿಗಿಟ್ಟು 2006ರಲ್ಲಿ ಪರಿಶೀಲಿಸಿದಾಗ ಪ್ರಯೋಜನವಿರುವುದು ನಿಜ, ಆದರೆ ಸರಾಸರಿ ಪ್ರಮಾಣ ಸಣ್ಣದು ಎಂದು ಕಂಡುಬಂತು. ಬರವಣಿಗೆ ಔಷಧಿಯಲ್ಲ. ಹಸಿ ಗಾಯವನ್ನು ಒಬ್ಬರೇ ಕೂತು ಕೆದಕಿಕೊಳ್ಳುವುದಕ್ಕಿಂತ ಆಪ್ತರ ಅಥವಾ ವೈದ್ಯರ ಮುಂದೆ ಬಾಯಿಬಿಡುವುದೇ ಮೇಲು ಎನ್ನುವ ಸಂದರ್ಭಗಳೂ ಇವೆ.

ಪ್ರಶ್ನೆಗೂ ತನ್ನ ದೋಷಗಳಿವೆ. ಕೇಳಿದ ರೀತಿಯೇ ಉತ್ತರವನ್ನು ಒಂದು ಕಡೆಗೆ ಎಳೆಯಬಲ್ಲದು. ಅಲ್ಲದೆ ಯಾರಿಗೆ ಓದುಬರಹ, ಬಿಡುವು, ಒಂದು ಮೇಜು ಇದೆಯೋ ಅವರೇ ಉತ್ತರಿಸುತ್ತಾರೆ. ಮಾಸ್ ಅಬ್ಸರ್ವೇಷನ್ನಿನ ಬರಹಗಾರರು ಇಡೀ ದೇಶದ ಪಡಿಯಚ್ಚಲ್ಲ ಎಂಬ ಟೀಕೆ ಮೊದಲಿನಿಂದಲೂ ಇದೆ. 1981ರ ನಂತರದವರಲ್ಲಿ ಹೆಂಗಸರು ಮತ್ತು ವಯಸ್ಸಾದವರೇ ಹೆಚ್ಚು. ಹೀಗಾಗಿ ಅಲ್ಲಿರುವುದು ಸಮೀಕ್ಷೆಯ ಅಂಕಿಯಲ್ಲ, ಒಬ್ಬೊಬ್ಬರ ಸಾಕ್ಷ್ಯ.

ಇಂದಿನ ಪ್ರಶ್ನೆ

ಇಷ್ಟೆಲ್ಲ ಅನುಭವದಿಂದ ಮನೆಯ ಡೈರಿಗೆ ಸಿಗುವ ಪಾಠವೇನು? ಮೊದಲನೆಯದು, ಪ್ರಶ್ನೆ ಸಣ್ಣದಿರಬೇಕು. ‘ನಾನು ಯಾರು?’ ಎಂಬುದು ಋಷಿಮುನಿಗಳಿಗೆ ಬಿಟ್ಟದ್ದು. ಹಜಾರದ ಷೋಕೇಸಿನಲ್ಲಿ ಏನೇನಿದೆ, ಯಾವುದನ್ನು ಯಾರು ಕೊಟ್ಟರು? ಇವತ್ತು ಬೆಳಿಗ್ಗೆ ಮೊದಲು ಕಿವಿಗೆ ಬಿದ್ದ ದನಿ ಯಾರದು? ಅಮ್ಮ ಮಾಡುತ್ತಿದ್ದ ಯಾವ ಅಡುಗೆ ಈಗ ಮನೆಯಲ್ಲಿ ಯಾರಿಗೂ ಬರುವುದಿಲ್ಲ? ಇಂದು ನಾಲಿಗೆಯ ತುದಿಗೆ ಬಂದು ಆಡದೆ ಉಳಿದ ಮಾತು ಯಾವುದು? ಇಂಥವಕ್ಕೆ ಕೈಯಲ್ಲಿ ಪೆನ್ನಿರುವ ಯಾರು ಬೇಕಾದರೂ ಉತ್ತರಿಸಬಹುದು.

ಎರಡನೆಯದು, ದಿನಕ್ಕೆ ಒಂದೇ ಪ್ರಶ್ನೆ ಸಾಕು, ಅದನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಬೇಕು. ಆಗ ಬೆಳಗಾದರೆ ಎದುರಿಗಿರುವುದು ಖಾಲಿ ಹಾಳೆಯಲ್ಲ, ಅರ್ಧ ನಡೆದ ಮಾತುಕತೆ. ಮೂರನೆಯದು, ಹೊತ್ತು ಗೊತ್ತಾಗಿರಬೇಕು. ಹಾಲಿನವನು ಬರುವ ಹೊತ್ತು ತಪ್ಪದಿರುವುದರಿಂದಲೇ ಅವನ ಲೆಕ್ಕವೂ ತಪ್ಪುವುದಿಲ್ಲ. ನಾಲ್ಕನೆಯದು, ಬರೆದದ್ದನ್ನು ಕೂಡಲೇ ಯಾರಿಗೂ ತೋರಿಸಬಾರದು. ಮುಂದೆಂದೋ ಓದಬಹುದಾದ ಒಬ್ಬರನ್ನು, ಇನ್ನೂ ಹುಟ್ಟದ ಮೊಮ್ಮಗಳನ್ನೇ ಆಗಲಿ, ಮನಸ್ಸಿನಲ್ಲಿಟ್ಟುಕೊಂಡು ಬರೆದರೆ ಮಾತಿಗೆ ಒಂದು ದಿಕ್ಕು ಸಿಗುತ್ತದೆ.

ರಾಜರ, ಮಂತ್ರಿಗಳ ದಿನಚರಿಗಳಿಗೆ ಕಾಪಿಡುವವರು ಸಿಕ್ಕೇ ಸಿಗುತ್ತಾರೆ. ಅಡುಗೆಮನೆಯ ಗೋಡೆಗೆ ಒರಗಿ ಹಾಲಿನ ಲೆಕ್ಕ ಬರೆಯುವ ಕೈಗೆ ಗೊತ್ತಿರುವುದು ಆ ಕೈಯೊಂದಿಗೇ ಹೋಗಿಬಿಡುತ್ತದೆ. ಬ್ಯಾರೋ ಊರಿನ ಗೃಹಿಣಿ 49ನೆಯ ವಯಸ್ಸಿನಲ್ಲಿ ಅದನ್ನು ತಪ್ಪಿಸಿದಳು. ಆಕೆಯಲ್ಲಿ ವಿಶೇಷ ಸಲಕರಣೆಯೇನೂ ಇರಲಿಲ್ಲ. ಯಾರೋ ಒಂದು ಪ್ರಶ್ನೆ ಕೇಳಿದರು, ಆಕೆ ಉತ್ತರ ಬರೆದಳು, ಮಾರನೆಯ ದಿನವೂ ಬರೆದಳು.

ಈ ವರ್ಷದ ಡೈರಿ ಈಗಾಗಲೇ ಅಡುಗೆಮನೆ ಸೇರಿದ್ದರೂ ಚಿಂತೆಯಿಲ್ಲ. ‘ಒಂದು ಲೀಟರ್’ ಎಂದು ಬರೆದ ಅಂಕಿಯ ಕೆಳಗೆ ಹಾಳೆಯ ಮುಕ್ಕಾಲು ಭಾಗ ಇನ್ನೂ ಖಾಲಿಯಿರುತ್ತದೆ.